ಏಳಲೊಲ್ಲದ ಕಂಪ್ಯೂಟರು

ಮನೆಯ ಕಂಪ್ಯೂಟರಿನ ಗುಂಡಿಯನ್ನೊತ್ತಿದಾಗ ಪರದೆಯ ಮೇಲೆ ಏನೂ ಮೂಡದೆ ಹೋದರೆ, ಅದರೊಳಗಿದ್ದ ಮದುವೆಯ ಭಾವಚಿತ್ರಗಳೂ ಲೆಕ್ಕಪತ್ರಗಳೂ ಸಮಸ್ತವೂ ನಾಶವಾದುವೆಂದು ಕಂಗೆಡುವುದು ಗೃಹಸ್ಥರ ಸ್ವಭಾವ. ವೈರಸ್ ಹೊಕ್ಕಿರಬೇಕೆಂದು ನೆರೆಯವರು ತಮ್ಮದೂ ಒಂದು ಮಾತು ಸೇರಿಸುವುದುಂಟು. ವಸ್ತುತಃ ಕಡತಗಳಿರತಕ್ಕ ಡಿಸ್ಕಿನ ಸರದಿ ಬರುವುದು ಕಟ್ಟಕಡೆಗೆ. ಅದಕ್ಕೆ ಮುನ್ನ ನಡೆಯಬೇಕಾದ ಕ್ರಿಯೆಗಳು ಹಲವಿದ್ದು, ಹಿಂದಿನದು ಸುಸೂತ್ರವಾಗಿ ಮುಗಿಯಿತೆಂಬ ಸೂಚನೆ ದೊರೆತ ಹೊರತು ಮುಂದಿನದು ಆರಂಭವಾಗದು. ಆದುದರಿಂದ ಯಂತ್ರ ಎಲ್ಲಿಯವರೆಗೆ ಬಂದು ನಿಂತಿತೆಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನಾಗಿ ಮಾರ್ಪಡಿಸುವ ತಗಡಿನ ಪೆಟ್ಟಿಗೆಗೆ ರಿಪೇರಿಯವರು ಎಸ್‌ಎಂಪಿಎಸ್ ಎನ್ನುತ್ತಾರೆ. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಮಾದರಿಯನ್ನು ರೂಪಿಸಿದ ತರುವಾಯ, ನಾವೊತ್ತುವ ಗುಂಡಿ ವಿದ್ಯುತ್ತನ್ನು ತಾನೇ ಹರಿಯಬಿಡುವ ಸ್ವಿಚ್ಚಾಗಿ ಉಳಿದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ವಿಜ್ಞಾಪನೆಯನ್ನು ಮಾತ್ರ ಸಲ್ಲಿಸುತ್ತದೆ. ಅದನ್ನು ಆಲಿಸಲು ಯಾರಾದರೂ ಎಚ್ಚತ್ತಿರಬೇಕಷ್ಟೆ. ಅದಕ್ಕಾಗಿಯೇ ಯಂತ್ರ ಆರಿರುವಾಗಲೂ 5 ವೋಲ್ಟಿನ ಒಂದು ಸಣ್ಣ ಪ್ರವಾಹ ಜಾಗೃತವಾಗಿರುತ್ತದೆ. ಹಲವು ಬೋರ್ಡುಗಳಲ್ಲಿ ಉರಿಯುವ ಪುಟ್ಟ ದೀಪ ಇದರದೇ ಕುರುಹು. ಅದು ಕಂಡರೆ ಪ್ಲಗ್ಗೂ ವೈರೂ ನಿರ್ದೋಷಿಗಳೆಂದು ಬಗೆಯಬಹುದು.

ಫ್ಯಾನ್ ತಿರುಗುತ್ತಿದೆ, ಆದುದರಿಂದ ವಿದ್ಯುತ್ತಿನಲ್ಲಿ ದೋಷವಿಲ್ಲ ಎಂಬ ತರ್ಕವಂತೂ ಬಹಳ ಮಂದಿಯನ್ನು ದಾರಿ ತಪ್ಪಿಸಿದೆ. ಫ್ಯಾನಿಗೆ ಬೇಕಾದುದು 12 ವೋಲ್ಟು ಮಾತ್ರ. ಉಳಿದ ಎರಡು ನೆಟ್ಟಗಿವೆಯೆಂಬುದಕ್ಕೆ ಅದರ ತಿರುಗಾಟ ಸಾಕ್ಷಿಯಾಗಲಾರದು. ಎಲ್ಲ ವೋಲ್ಟೇಜುಗಳೂ ಸ್ಥಿರಗೊಂಡ ಮೇಲೆ, ಅಂದರೆ ಸುಮಾರು ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ಒಂದು ಸಮ್ಮತಿಸೂಚನೆಯನ್ನು ಕಳುಹಿಸುತ್ತದೆ. ಆ ತನಕ ಪ್ರೊಸೆಸರು ಕೆಲಸಕ್ಕೆ ತೊಡಗುವುದಿಲ್ಲ. ಫ್ಯಾನ್ ಕ್ಷಣಕಾಲ ತಿರುಗಿ ನಿಂತುಬಿಟ್ಟರೆ, ಎಲ್ಲಿಯೋ ಶಾರ್ಟ್ ಆಗಿರುವುದನ್ನರಿತು ಪೆಟ್ಟಿಗೆ ತಾನಾಗಿ ವಿರಮಿಸಿರುವ ಸಂಭವವೇ ಹೆಚ್ಚು. ಈ ಪೆಟ್ಟಿಗೆಯನ್ನು ಮಾತ್ರ ಗೃಹಸ್ಥರು ಬಿಚ್ಚಕೂಡದು: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಲ್ಲುದು.

ಸಮ್ಮತಿ ದೊರೆತೊಡನೆ ಪ್ರೊಸೆಸರು ಬೋರ್ಡಿನ ಮೇಲಿನ ಚಿಪ್ಪಿನಿಂದ ಮೊದಲ ಆದೇಶವನ್ನೋದಿ, ರ‍್ಯಾಮ್ ಮೊದಲಾದ ಅಂಗಗಳನ್ನು ಪರೀಕ್ಷಿಸುತ್ತದೆ. ರ‍್ಯಾಮೇ ಇಲ್ಲವಾದರೆ ಪರದೆಯ ಮೇಲೆ ಒಂದಕ್ಷರವನ್ನೂ ಮೂಡಿಸುವಂತಿಲ್ಲ. ಆಗ ಉಳಿಯುವ ಉಪಾಯ ಬೀಪ್ ಸದ್ದು. 1981ರ ಐಬಿಎಂ ಪಿಸಿಯಲ್ಲಿ ಒಂದೇ ಒಂದು ಚಿಕ್ಕ ಬೀಪ್ ಕೇಳಿಸಿದರೆ ಸರ್ವವೂ ಕ್ಷೇಮವೆಂದು ಅರ್ಥವಿತ್ತು. ಬೀಪುಗಳ ಸಂಕೇತ ತಯಾರಕರಿಂದ ತಯಾರಕರಿಗೆ ಬೇರೆಯಾದುದರಿಂದ, ಸದ್ದನ್ನು ಎಣಿಸಿ ಬೋರ್ಡಿನ ಕೈಪಿಡಿಯನ್ನು ನೋಡುವುದೇ ಕ್ರಮ.

ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಮಳೆಗಾಲ ಕಳೆದ ಮೇಲೆ ಹೀಗಾದರೆ ಮೊದಲ ಸಂದೇಹ ರ‍್ಯಾಮಿನ ಸಂಪರ್ಕಗಳ ಮೇಲೆ. ಪ್ಲಗ್ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಹರಿದುಹೋಗುವಂತೆ ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಆಮೇಲೆ ತುದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಸರಿಸಿದರೆ ರ‍್ಯಾಮ್ ಪಟ್ಟಿ ಮೇಲೆದ್ದು ಬರುತ್ತದೆ. ಅದರ ಕೆಳಅಂಚಿನ ಚಿನ್ನಲೇಪಿತ ಹಲ್ಲುಗಳಲ್ಲಿ ಕೆಲವು ಮಾಸಲಾಗಿ ಕಂಡಾವು. ಅಂಗಡಿಯ ಹುಡುಗರು ಇದನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕುತ್ತಾರೆ. ಫಲವೂ ದೊರೆಯುತ್ತದೆ, ಆದರೆ ಲೇಪ ಅತಿ ತೆಳುವಾದುದರಿಂದ ಬಟ್ಟೆಯ ತುದಿಗೆ ಐಸೋಪ್ರೊಪೈಲ್ ಆಲ್ಕೊಹಾಲು ತಗುಲಿಸಿ ಒರೆಸುವುದು ನನ್ನ ಮತದಲ್ಲಿ ಮೇಲು. ಒಣಗಿದ ಮೇಲೆ, ಕ್ಲಿಪ್ಪು ಟಕ್ಕೆನ್ನುವವರೆಗೆ ಒತ್ತಿ ಕೂರಿಸಬೇಕು. ಅರೆಬರೆ ಕುಳಿತ ಪಟ್ಟಿಯೇ ಎಷ್ಟೋ ಯಂತ್ರಗಳ ಮೌನಕ್ಕೆ ಕಾರಣ.

ಬೋರ್ಡು ತೆರೆದಿರುವಾಗಲೇ ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳತ್ತ ಒಮ್ಮೆ ಕಣ್ಣುಹಾಯಿಸಬೇಕು. ಚಪ್ಪಟೆಯಾಗಿರಬೇಕಾದ ತಲೆ ಪೂರಿಯಂತೆ ಉಬ್ಬಿದ್ದರೆ ಅದರ ಆಯುಷ್ಯ ಮುಗಿದಂತೆಯೇ. ಈ ಶತಮಾನದ ಮೊದಲ ವರ್ಷಗಳ ಬೋರ್ಡುಗಳನ್ನು ಈ ವ್ಯಾಧಿ ಹೇರಳವಾಗಿ ಬಾಧಿಸಿತು. ನಾಣ್ಯದಾಕಾರದ 3 ವೋಲ್ಟಿನ ಸೆಲ್ಲು ಬತ್ತಿದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಸರಿಯುವುದುಂಟು. ಅದು ಅಲ್ಪ ಖರ್ಚಿನ ಬಾಧೆ.

ಇಷ್ಟೆಲ್ಲವೂ ನೆಟ್ಟಗಿದ್ದು, ಬೂಟ್ ಡಿವೈಸ್ ಸಿಗಲಿಲ್ಲವೆಂಬ ಒಕ್ಕಣೆ ಪರದೆಯ ಮೇಲೆ ಕಂಡಾಗಲೇ ಡಿಸ್ಕಿನ ವಿಚಾರಣೆಗೆ ಅವಕಾಶ. ಅದನ್ನು ಬಿಚ್ಚಿ ಅಂಗಡಿಗೆ ಒಯ್ಯುವ ಮುನ್ನ, ಹಿಂದಿನ ರಾತ್ರಿ ಯಾರಾದರೂ ಸಿಕ್ಕಿಸಿ ಮರೆತ ಪೆನ್‌ಡ್ರೈವ್ ಇನ್ನೂ ಅಲ್ಲೇ ಇದೆಯೇ ಎಂದು ನೋಡಿ, ಇದ್ದರೆ ಕಿತ್ತು, ಗುಂಡಿಯನ್ನು ಮತ್ತೊಮ್ಮೆ ಒತ್ತಬಹುದು.