ಅಜ್ಜಯ್ಯ ತೋಟದಿಂದ ಇನ್ನೂ ಬಂದಿಲ್ಲ

ಸಂಜೆ ಆರಾಯ್ತು ಅಂದ್ರೆ ಶೃಂಗೇರಿ ಹತ್ತಿರದ ನಮ್ಮನೆ ಜಗಲಿಯಲ್ಲಿ ಅಜ್ಜಿಯ ಚಡಪಡಿಕೆ ಶುರು. "ಕತ್ಲಾಯ್ತಲ್ಲೋ, ಇವ್ರು ತೋಟದಿಂದ ಇನ್ನೂ ಬಂದಿಲ್ಲ." ಅಜ್ಜಯ್ಯ ತೀರಿಕೊಂಡು ಹನ್ನೊಂದು ವರ್ಷ ಆಯ್ತು.

ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದಾಗೆಲ್ಲ ನಾನು ತಿದ್ದುತ್ತಿದ್ದೆ: "ಅಜ್ಜೀ, ಅಜ್ಜಯ್ಯ ಹೋಗಿ ಎಷ್ಟು ವರ್ಷ ಆಯ್ತು!" ಬಗ್ ಕಂಡ್ರೆ ಸರಿಮಾಡೋದು ನಮ್ಮ ಕಸುಬಿನ ಚಾಳಿ ನೋಡಿ. ಅಜ್ಜಿ ಬಿಕ್ಕಿ ಬಿಕ್ಕಿ ಅಳ್ತಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಪ್ರತಿ ಸಲವೂ ಆ ಸಾವಿನ ಸುದ್ದಿ ಅವಳಿಗೆ ಹೊಸದು ಅನ್ನೋದು ನನಗೆ ಹೊಳೆಯೋಕೆ ತಿಂಗಳುಗಳೇ ಬೇಕಾದವು.

ಅಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಮಿದುಳಿನ ಹಿಪ್ಪೋಕ್ಯಾಂಪಸ್ ಒಂದು. ಹೊಸ ನೆನಪು ಗಟ್ಟಿಯಾಗೋಕೆ ಅದು ಬೇಕು. ಹಾಗಾಗಿ ಬೆಳಗಿನ ತಿಂಡಿ ಮರೆತುಹೋಗುತ್ತೆ, ಐವತ್ತು ವರ್ಷದ ಹಿಂದಿನ ಕೊಯ್ಲು ಕಣ್ಮುಂದೆ ಇರುತ್ತೆ. ಕೈಗೆ ಕೂತ ಕೆಲಸವೂ ಬೇಗ ಹೋಗಲ್ಲ. ನನ್ನ ಹೆಸರು ಮರೆತ ಅಜ್ಜಿ ಅಡಿಕೆ ಮುಂದೆ ಕೂತರೆ ಬೆಟ್ಟೆ, ಗೊರಬಲು ತಪ್ಪದೆ ಬೇರೆ ಮಾಡ್ತಾಳೆ.

'ಅರವತ್ತಕ್ಕೆ ಅರಳುಮರಳು' ಅಂತ ನಾವು ಎರಡು ವರ್ಷ ಸುಮ್ಮನೆ ಕಳೆದ್ವಿ. ಹಾಗೆ ಮಾಡಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರಬಹುದು, ಅವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ಆದರೆ ಡೊನೆಪೆಜಿಲ್‌ನಂಥ ಮಾತ್ರೆ ಕೆಲವರಿಗೆ ಕೆಲಕಾಲ ಅನುಕೂಲ ಮಾಡುತ್ತೆ, ಗುಣ ಮಾಡಲ್ಲ. ಸರ್ಕಾರ ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಬಗ್ಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567.

2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅನಂತ್ ನಾಗ್ ಪಾತ್ರ ಕಳೆದುಹೋಗೋದು ಬೆಂಗಳೂರಿನಲ್ಲಿ. ನಮ್ಮಲ್ಲಿ ಹೆದರಿಕೆ ಹೊಳೆ, ಕಾಡು, ಮಳೆಯದ್ದು. ಅಮ್ಮ ಜಗಲಿ ಬಾಗಿಲಿಗೆ ದನದ ಗಂಟೆ ಕಟ್ಟಿದ್ದಾಳೆ. ನಾನು ತಂದ ಜಿಪಿಎಸ್ ವಾಚನ್ನು ಅಜ್ಜಿ ಎರಡನೇ ದಿನವೇ ಬಿಚ್ಚಿ ಎಲ್ಲಿಟ್ಟಳೋ, ಇನ್ನೂ ಸಿಕ್ಕಿಲ್ಲ.

ಸಂಜೆಯ ಪ್ರಶ್ನೆಗೆ ಅಮ್ಮ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ. "ಮಾವ ತೋಟದಿಂದ ಬರುವಾಗ ಏನು ತರ್ತಿದ್ರು ಅತ್ತೆ?" ಅಂತಾಳೆ. ವೀಳ್ಯದೆಲೆ, ಬಾಳೆಗೊನೆ ಅಂತ ಅಜ್ಜಿ ಕಥೆ ಶುರುಮಾಡ್ತಾಳೆ, ಕೈಯ ನಡುಕ ನಿಲ್ಲುತ್ತೆ.

ಎರಡು ವರ್ಷದಿಂದ ಅಮ್ಮ ಒಂದು ಮದುವೆಗೂ ಹೋಗಿರಲಿಲ್ಲ. ನಾನು ದುಡ್ಡು ಕಳಿಸಿ ಕೈತೊಳ್ಕೊಂಡಿದ್ದೆ. ಈಗ ತಿಂಗಳಿಗೊಂದು ವಾರ ಊರಿಂದಲೇ ಕೆಲಸ. ಮೊನ್ನೆ ಅಮ್ಮ ಕೊಪ್ಪದ ತವರಿಗೆ ಹೋದ ಸಂಜೆ ಅಜ್ಜಿ ಲ್ಯಾಪ್‌ಟಾಪ್ ಪಕ್ಕ ಬಂದು ಕೂತಳು.

"ಯಾರ ಮನೆ ಮಾಣಿ ನೀನು?"

"ನಿಮ್ಮನೆಯವನೇ ಅಜ್ಜಿ."

"ಹೌದಾ? ಹಂಗಾರೆ ಕಾಫಿ ಕುಡ್ಕಂಡೇ ಹೋಗು."