ನೆಚ್ಚಿನ ಸೆಡಾನ್‌ಗೆ ಬದಲಿ: ಬಳಸಿದ ಕಾರು ಕೊಳ್ಳುವವರ ಲೆಕ್ಕಾಚಾರ

1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್-ಬೆಂಜ್ ಇ-ಕ್ಲಾಸ್ ಕಾರುಗಳ ಜೋಡಣೆ ಆರಂಭವಾಯಿತು. 2000ದ ದಶಕದ ಮೊದಲ ವರ್ಷಗಳಲ್ಲಿ ಹೋಂಡಾ ಅಕಾರ್ಡ್, ಟೊಯೋಟಾ ಕ್ಯಾಮ್ರಿಗಳೂ ಭಾರತದ ರಸ್ತೆಗಿಳಿದವು. ವರ್ತಕರ ಪಾಲಿಗೆ ಇಂತಹ ಸೆಡಾನ್ ಕೇವಲ ವಾಹನವಾಗಿರದೆ ಪೇಟೆಯಲ್ಲಿ ಗಳಿಸಿದ ಪತ್ತಿನ ಕುರುಹೂ ಆಗಿತ್ತು. ಆ ಪೀಳಿಗೆಯ ಕಾರುಗಳಲ್ಲಿ ಹಲವಕ್ಕೆ ಈಗ ಹದಿನೈದು, ಇಪ್ಪತ್ತು ವರ್ಷ ಮೀರಿದೆ. ಮಮತೆಯಿಂದ ಉಳಿಸಿಕೊಂಡ ಕಾರು ದುಡಿಯುವ ಬಂಡವಾಳವನ್ನೇ ಸವೆಸತೊಡಗಿದಾಗ ಅದನ್ನು ಯಾವಾಗ ಬೀಳ್ಕೊಡಬೇಕು, ಬದಲಿಗೆ ಯಾವುದನ್ನು ತರಬೇಕು ಎಂಬುದು ಲೆಕ್ಕಾಚಾರ ಬೇಡುವ ಪ್ರಶ್ನೆ.

ಬೀಳ್ಕೊಡುವ ಸಮಯ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಐದು ವರ್ಷಗಳ ಅವಧಿಗೆ ನವೀಕರಿಸಬೇಕು. 600 ರೂ. ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ರೂ.ಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ರೂ. ಆಯಿತು. ಆದರೂ ಶುಲ್ಕವೇ ದೊಡ್ಡ ಹೊರೆಯಲ್ಲ. ಬಿಡಿಭಾಗಕ್ಕಾಗಿ ಕಾರು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುವುದೇ ನಿಜವಾದ ನಷ್ಟ. ಕಳೆದ ಮೂರು ವರ್ಷಗಳ ದುರಸ್ತಿ ವೆಚ್ಚವನ್ನು ಕೂಡಿಸಿ, ಕಾರಿಗೆ ಇಂದು ಸಿಗಬಹುದಾದ ಬೆಲೆಯೊಡನೆ ಹೋಲಿಸಿದರೆ ಉತ್ತರ ತಾನೇ ಹೊಳೆಯುತ್ತದೆ.

ಅಗ್ಗದ ಬೆಲೆಯ ಆಮಿಷ

ಐಷಾರಾಮಿ ಕಾರಿಗೆ ಒಗ್ಗಿದವರು ಸಾಮಾನ್ಯವಾಗಿ ಅದೇ ಲಾಂಛನದ, ಹತ್ತು ವರ್ಷ ಹಳೆಯ ಇನ್ನೊಂದು ಕಾರಿನತ್ತ ವಾಲುತ್ತಾರೆ. ಹೊಸ ಸಣ್ಣ ಕಾರಿನ ಬೆಲೆಗೇ ಅದು ದೊರೆಯುವುದುಂಟು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ: ಕಾಲ ಕಳೆದಂತೆ ಕಾರಿನ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಏರ್ ಸಸ್ಪೆನ್ಷನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ ನಿಯಂತ್ರಕಗಳು ಕೆಟ್ಟರೆ ಬರುವ ಬಿಲ್ಲು ಅದು ಹೊಸದಾಗಿದ್ದಾಗಿನ ಅಂತಸ್ತಿಗೆ ತಕ್ಕಂತೆಯೇ ಇರುತ್ತದೆ. ಆದುದರಿಂದ ಒಂದು ಮೆಟ್ಟಿಲು ಕೆಳಗಿನ ದರ್ಜೆಯ, ಮೂರರಿಂದ ಐದು ವರ್ಷ ಬಳಸಿದ, ಒಬ್ಬನೇ ಮಾಲೀಕನ ಕಾರು ಹೆಚ್ಚು ಲಾಭದಾಯಕ. ಜಿಲ್ಲಾ ಕೇಂದ್ರಗಳ ವರ್ತಕರು ಅಧಿಕೃತ ಸರ್ವಿಸ್ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕು.

2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಜಿಎಸ್‌ಟಿ ಬದಲಾಯಿತು. ಸಣ್ಣ ಕಾರುಗಳಿಗೆ ಶೇ. 18, ದೊಡ್ಡ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಸೆಸ್ ಇಲ್ಲದೆ ಶೇ. 40 ನಿಗದಿಯಾಯಿತು. ಹೊಸದರ ಬೆಲೆ ಇಳಿದಾಗ ಹಳೆಯದರ ಬೆಲೆಯೂ ಇಳಿಯಬೇಕು. ಅದಕ್ಕೂ ಹಿಂದಿನ ಬೆಲೆಯನ್ನು ಮುಂದಿಟ್ಟು ಚೌಕಾಸಿ ಮಾಡುವ ಮಾರಾಟಗಾರನಿಗೆ ಕೊಳ್ಳುವವರು ಮಣಿಯಬೇಕಾಗಿಲ್ಲ.

ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಲಕ್ಷಣ. ಆಯಿಲ್ ಮುಚ್ಚಳದ ಒಳಗೆ ಹಾಲಿನಂತಹ ನೊರೆಯಿದ್ದರೆ ಕೂಲೆಂಟ್ ಬೆರೆತಿರುವ ಶಂಕೆ. ಮೀಟರ್ ಕಡಿಮೆ ಕಿಲೋಮೀಟರ್ ತೋರಿಸಿದರೂ ಪೆಡಲಿನ ರಬ್ಬರು, ಸ್ಟಿಯರಿಂಗ್, ಆಸನದ ಅಂಚು ಸವೆದಿದ್ದರೆ ಸರ್ವಿಸ್ ದಾಖಲೆಯನ್ನು ಕೇಳಿ ತಾಳೆ ನೋಡಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ರ 23ನೆಯ ವಾರ. 2015ರಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನೆರೆ ನೀರಿಗೆ ಸಿಲುಕಿದ ಕಾರುಗಳಲ್ಲಿ ದುಬಾರಿಯವೂ ಇದ್ದವು. ನೆಲಹಾಸಿನ ಅಡಿಯ ಮಣ್ಣು, ಆಸನದ ಹಳಿಯ ತುಕ್ಕು ಇಂತಹ ಚರಿತ್ರೆಯನ್ನು ಬಯಲು ಮಾಡುತ್ತವೆ.

ತೆರಿಗೆಯ ಬಾಬ್ತು

ಹಳೆಯ ಕಾರು ಸಂಸ್ಥೆಯ ಲೆಕ್ಕಪುಸ್ತಕದಲ್ಲಿದ್ದರೆ ಜಿಎಸ್‌ಟಿ ನೋಂದಾಯಿತ ವರ್ತಕರು ಎಚ್ಚರ ವಹಿಸಬೇಕು. 2025ರ ಜನವರಿಯಲ್ಲಾದ ಬದಲಾವಣೆಯಂತೆ, ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದ ಬಳಸಿದ ಕಾರಿನ ಮಾರಾಟದಲ್ಲಿ ಲಾಭಾಂಶದ ಮೇಲೆ ಮಾತ್ರ ಶೇ. 18 ತೆರಿಗೆ. ಆದಾಯ ತೆರಿಗೆಯಲ್ಲಿ ಸವಕಳಿ ಪಡೆದಿದ್ದರೆ ಮಾರಾಟ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ಕಳೆದಾಗ ಉಳಿಯುವುದೇ ಲಾಭಾಂಶ. ಉದಾಹರಣೆಗೆ, ಸವಕಳಿ ಕಳೆದ ಮೌಲ್ಯ 8 ಲಕ್ಷ ರೂ. ಇದ್ದು, ಕಾರು 10 ಲಕ್ಷಕ್ಕೆ ಮಾರಾಟವಾದರೆ 2 ಲಕ್ಷದ ಮೇಲೆ 36,000 ರೂ. ತೆರಿಗೆ, 6 ಲಕ್ಷಕ್ಕೆ ಮಾರಾಟವಾದರೆ ತೆರಿಗೆಯಿಲ್ಲ.

ದಾಖಲೆ ಮತ್ತು ಹೊಣೆ

ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30, ಬ್ಯಾಂಕ್ ಸಾಲ ತೀರಿದ್ದಕ್ಕೆ ನಮೂನೆ 35, ಹೊರರಾಜ್ಯದ ಕಾರಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಹೊರರಾಜ್ಯದಿಂದ ತಂದ ಕಾರಿಗೆ ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ ಅಲ್ಲಿಯ ಅಗ್ಗ ಇಲ್ಲಿ ಅಗ್ಗವಾಗಿ ಉಳಿಯದಿರಬಹುದು. ಹಳೆಯ ಕಾರಿನ ವಿಮೆಯಲ್ಲಿ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿನೊಡನೆ ಹೋಗದೆ ಮಾಲೀಕನಲ್ಲೇ ಉಳಿಯುತ್ತದೆ. ಅದರ ಪತ್ರವನ್ನು ವಿಮಾ ಕಂಪನಿಯಿಂದ ಪಡೆದು ಬದಲಿ ಕಾರಿನ ವಿಮೆಗೆ ಬಳಸಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಮಾರಿದವರ ಹೊಣೆ. ಹಣ ಕೈಸೇರಿ ಕೀಲಿಕೈ ಒಪ್ಪಿಸಿದ ಮಾತ್ರಕ್ಕೆ ಸಂಬಂಧ ಮುಗಿಯದು. ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿದೆ. ವಿಮೆಯಿಲ್ಲದೆ ಓಡುವ ಕಾರು ಯಾರಿಗೋ ಡಿಕ್ಕಿ ಹೊಡೆದರೆ, ಅದನ್ನು ಎಂದೋ ಮಾರಿದ ವರ್ತಕನ ಅಂಗಡಿ, ಗೋದಾಮುಗಳೂ ವಸೂಲಿಗೆ ಗುರಿಯಾಗಬಹುದು. ಮಾರಾಟವನ್ನು ರಾಜ್ಯದೊಳಗಾದರೆ 14 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಿ, ಹೊಸ ಮಾಲೀಕನ ಹೆಸರು ದಾಖಲಾಗಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಹಳೆಯ ಕಾರಿನ ಕಡತವನ್ನು ಮುಚ್ಚುವುದು ಕ್ಷೇಮ.