ಸೌದೆ ಸೀಳುವ ಯಂತ್ರವೂ ಕೈಗಳ ರಕ್ಷಣೆಯೂ

ಮಲೆನಾಡಿನ ಗೃಹಸ್ಥರಿಗೆ ಸೌದೆಯ ಚಿಂತೆಯು ಹೊಸದಲ್ಲ. ಅಡಕೆಯನ್ನು ಬೇಯಿಸುವುದಕ್ಕೂ ಬಚ್ಚಲ ಹಂಡೆಯನ್ನು ಕಾಯಿಸುವುದಕ್ಕೂ ಮದುವೆ ಮುಂಜಿಗಳ ಅಡಿಗೆಗೂ ಸೀಳಿದ ಕಟ್ಟಿಗೆಯು ಇಂದಿಗೂ ಅನೇಕ ಮನೆಗಳಲ್ಲಿ ಬೇಕಾಗಿಯೇ ಇದೆ. ಕೊಡಲಿಯ ಆ ಕೆಲಸವನ್ನು ಮೋಟಾರಿನಿಂದಲೋ ಪೆಟ್ರೋಲ್ ಎಂಜಿನ್ನಿನಿಂದಲೋ ನಡೆಯುವ ಯಂತ್ರಗಳು ಈಗ ವಹಿಸಿಕೊಳ್ಳುತ್ತಿವೆ. ಇವುಗಳಿಂದ ಶ್ರಮವು ಕಡಿಮೆಯಾಗುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡಲಿಯ ಅಪಾಯವು ಎಲ್ಲರ ಕಣ್ಣಿಗೂ ಕಾಣತಕ್ಕದ್ದು. ಯಂತ್ರದ ಅಪಾಯವಾದರೋ ಸೌಮ್ಯವೇಷವನ್ನು ಧರಿಸಿರುವುದು. ಆದಕಾರಣ ಅದರ ರಚನೆಯನ್ನೂ ಬಳಕೆಯ ನಿಯಮಗಳನ್ನೂ ವಾಚಕರ ಮುಂದಿಡಲು ಅಪೇಕ್ಷಿಸುತ್ತೇವೆ.

ಮರದ ನಾರುಗಳು ಉದ್ದಕ್ಕೆ ಹೆಣೆದುಕೊಂಡಿರುವುವು. ಅವನ್ನು ಅಡ್ಡಲಾಗಿ ಕಡಿಯುವುದು ಕಷ್ಟ. ನಾರಿನ ಜಾಡನ್ನನುಸರಿಸಿ ಬೆಣೆಯನ್ನು ನುಗ್ಗಿಸಿದರೆ ಸುಲಭವಾಗಿ ಬೇರ್ಪಡುವುವು. ಕೊಡಲಿಯು ಈ ಕಾರ್ಯವನ್ನು ವೇಗದಿಂದ ಸಾಧಿಸಿದರೆ ಯಂತ್ರವು ಒತ್ತಡದಿಂದ ಸಾಧಿಸುವುದು. ಪಂಪು ಎಣ್ಣೆಯನ್ನು ಉಕ್ಕಿನ ಸಿಲಿಂಡರಿನೊಳಕ್ಕೆ ನೂಕಲು, ಅಲ್ಲಿರುವ ಪಿಸ್ಟನ್ನು ಮುಂದೆ ಸರಿದು ಮರದ ತುಂಡನ್ನು ಬೆಣೆಯತ್ತಲೋ ಬೆಣೆಯನ್ನು ತುಂಡಿನತ್ತಲೋ ತಳ್ಳುವುದು. ದ್ರವದ ಮೇಲಿನ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ಪಾಸ್ಕಲನ ತತ್ತ್ವವೇ ಇದಕ್ಕೆ ಆಧಾರ. ಇಂಗ್ಲೆಂಡಿನ ಜೋಸೆಫ್ ಬ್ರಾಮನು ಆ ತತ್ತ್ವದಿಂದ ರಚಿಸಿದ ಒತ್ತುಯಂತ್ರಕ್ಕೆ ೧೭೯೫ರಲ್ಲಿ ಪೇಟೆಂಟು ಪಡೆದನು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ೧೦ ಸೆಂಟಿಮೀಟರು ವ್ಯಾಸದ ಪಿಸ್ಟನ್ನಿನ ಮುಖವು ಸುಮಾರು ೭೮ ಚದರ ಸೆಂಟಿಮೀಟರು ಇರುವುದು. ಪ್ರತಿ ಚದರ ಸೆಂಟಿಮೀಟರಿಗೆ ೨೦೦ ಕಿಲೋಗ್ರಾಮಿನಂತೆ ಎಣ್ಣೆಯು ಒತ್ತಿದರೆ ಒಟ್ಟು ಬಲವು ೧೫ ಟನ್ನುಗಳನ್ನು ಮೀರುವುದು. ಇಷ್ಟು ಬಲವು ಮೆಲ್ಲಗೆ ಸರಿದು ಬರುವುದರಿಂದಲೇ, ಕೈಯನ್ನು ಹಿಂದೆಗೆಯಲು ಬೇಕಾದಷ್ಟು ಸಮಯವಿದೆಯೆಂಬ ಭ್ರಾಂತಿಯು ಹುಟ್ಟುವುದು. ಆದರೆ ಗಂಟುಳ್ಳ ತುಂಡು ಥಟ್ಟನೆ ಹೊರಳಿದರೆ, ಅಥವಾ ಅರ್ಧ ಬಿಟ್ಟ ಸೀಳು ಮತ್ತೆ ಕೂಡಿಕೊಂಡರೆ, ಬೆರಳುಗಳು ನಡುವೆ ಸಿಕ್ಕಿಕೊಳ್ಳುವುವು.

ಇದನ್ನರಿತೇ ಒಳ್ಳೆಯ ಯಂತ್ರಗಳಲ್ಲಿ ಎರಡು ಹಿಡಿಗಳನ್ನಿಟ್ಟಿರುತ್ತಾರೆ. ಎರಡನ್ನೂ ಒಮ್ಮೆಗೇ ಹಿಡಿದಿದ್ದರೆ ಮಾತ್ರ ಬೆಣೆಯು ಚಲಿಸುವುದು. ಒಂದನ್ನು ಬಿಟ್ಟೊಡನೆ ನಿಲ್ಲುವುದು. ಎರಡು ಕೈಗಳೂ ಹಿಡಿಗಳ ಮೇಲಿರುವವನ ಬೆರಳು ಬೆಣೆಯ ಬಳಿ ಇರಲಾರದಷ್ಟೆ! ಆದರೆ ತುಂಡನ್ನು ಹಿಡಿಯುವವನೊಬ್ಬ, ಯಂತ್ರವನ್ನು ನಡೆಸುವವನಿನ್ನೊಬ್ಬ ಎಂದಾದರೆ ಈ ಯುಕ್ತಿಯೆಲ್ಲವೂ ವ್ಯರ್ಥವಾಗುವುದು. ನಡೆಸುವವನಿಗೆ ಇನ್ನೊಬ್ಬನ ಬೆರಳಿನ ಸ್ಥಿತಿ ತಿಳಿಯದು. ಆದುದರಿಂದ ತುಂಡನ್ನಿಡುವವನೇ ಯಂತ್ರವನ್ನು ನಡೆಸತಕ್ಕದ್ದು, ಉಳಿದವರು ದೂರವಿರತಕ್ಕದ್ದು. ಕೆಲಸ ಬೇಗ ಸಾಗಲೆಂದು ಒಂದು ಹಿಡಿಯನ್ನು ಹಗ್ಗದಿಂದ ಬಿಗಿಯುವುದು ಎಂದಿಗೂ ಕೂಡದು.

ಬೆಣೆಗೆ ಬದಲಾಗಿ ತಿರುಪಿನಂತಹ ಮೊನೆಯು ಗಿರಗಿರನೆ ಸುತ್ತುತ್ತ ಮರವನ್ನು ಕೊರೆದು ಸೀಳುವ ಇನ್ನೊಂದು ಬಗೆಯುಂಟು. ಇದು ಹೆಚ್ಚು ಭಯಂಕರವಾದುದು. ಸೀರೆಯ ಸೆರಗು, ಪಂಚೆಯ ಅಂಚು, ಹೆಗಲ ಮೇಲಿನ ವಲ್ಲಿ, ಸಡಿಲವಾದ ಕೈಗವಸು, ಬಿಚ್ಚಿದ ಕೂದಲು ಇವುಗಳಲ್ಲಿ ಯಾವುದೊಂದು ತಗುಲಿದರೂ ಮನುಷ್ಯನನ್ನೇ ಎಳೆದುಕೊಳ್ಳುವುದು. ನೆಟ್ಟಗೆ ಒರಗಿಸದ ತುಂಡು ಮೊನೆಯೊಡನೆ ತಾನೂ ಸುತ್ತಿ ಬಡಿಯಬಹುದು. ಮನೆಬಳಕೆಗೆ ಬೆಣೆಯ ಯಂತ್ರವೇ ಮೇಲೆಂದು ನಮ್ಮ ಅಭಿಪ್ರಾಯ.

ಇನ್ನು ಕೆಲವು ನಿಯಮಗಳು. ತುಂಡಿನ ತುದಿಗಳು ಸಮವಾಗಿರಬೇಕು. ಓರೆಯಾದ ತುದಿಯು ಜಾರುವುದು. ಸಿಕ್ಕಿಕೊಂಡ ತುಂಡನ್ನು ಯಂತ್ರವನ್ನು ನಿಲ್ಲಿಸಿದ ಮೇಲೆಯೇ ಬಿಡಿಸಬೇಕು. ಎಣ್ಣೆಯ ಕೊಳವೆಯು ಸೋರುವುದೆಂದು ತೋರಿದರೆ ಬೆರಳಿನಿಂದ ಮುಟ್ಟಿ ನೋಡಬಾರದು. ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೊಗುವುದು. ಗಾಯವು ಅಲ್ಪವಾಗಿ ಕಂಡರೂ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಎಂಜಿನ್ನನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ನಡೆಸಬಾರದು; ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷವಾಯುವಿರುವುದು. ಕಣ್ಣಿಗೆ ಕನ್ನಡಕವೂ ಕಾಲಿಗೆ ಗಟ್ಟಿಯಾದ ಬೂಟೂ ಅವಶ್ಯಕ. ಮಕ್ಕಳನ್ನು ಹತ್ತಿರಕ್ಕೆ ಬಿಡಲೇಬಾರದು.

ನಮ್ಮಲ್ಲಿ ಯಂತ್ರವನ್ನು ತರಿಸುವವನು ಯಜಮಾನ. ಅದರ ಮುಂದೆ ನಿಲ್ಲುವವನು ಅನೇಕ ವೇಳೆ ಕೂಲಿಯವನು. ಅವನ ಹತ್ತು ಬೆರಳುಗಳಿಂದಲೇ ಅವನ ಸಂಸಾರವು ನಡೆಯತಕ್ಕದ್ದು. ಬೆಲೆಯನ್ನು ಕೇಳುವ ಮೊದಲು ಎರಡು ಹಿಡಿಗಳುಂಟೇ ಎಂದು ಕೇಳುವುದೂ, ಕೆಲಸ ಮುಗಿಯಲೆಂದು ಅವಸರಪಡಿಸದಿರುವುದೂ ಗೃಹಸ್ಥನ ಧರ್ಮವೆಂದು ನಾವು ತಿಳಿಯುತ್ತೇವೆ.